ಓದಿದವರ ಹೆಸರು ಬಿಟ್ಟುಹೋದ ಪಟ್ಟಿ

ಕೊಂಡಿಗೆ ಆ ಅಡ್ಡಹೆಸರು ಕೊಟ್ಟವರು ನಮ್ಮ ಗ್ರಂಥಪಾಲಕಿ. ಅವನು ಕೆಲಸಕ್ಕೆ ಸೇರಿ ವಾರವಾಗಿತ್ತೋ ಏನೋ, ಅವನ ಬೆನ್ನ ಹಿಂದೆ ನಿಂತು ಕಂಪ್ಯೂಟರಿನ ಪರದೆ ನೋಡಿದವರು, "ಏನಪ್ಪಾ ಇದು, ಅಕ್ಷರಕ್ಕಿಂತ ಕೊಂಡಿಗಳೇ ಜಾಸ್ತಿ ಇದಾವಲ್ಲ!" ಅಂದುಬಿಟ್ಟರು. ಪರದೆಯ ತುಂಬ ಎಡಕ್ಕೊಂದು ಬಲಕ್ಕೊಂದು ಬಾಗಿದ ಚಿಹ್ನೆಗಳು, ನಡುನಡುವೆ ಒಂದೊಂದು ಪದ. ಅಂದಿನಿಂದ ಅವನು ಕೊಂಡಿಯಾದ. ಸುದ್ದಿ ಅವನ ಅಕ್ಕನಿಗೂ ತಲುಪಿ, "ಚೇಳಿಗೂ ಕೊಂಡಿ ಇರುತ್ತೆ, ಬಾಗಿಲಿಗೂ ಕೊಂಡಿ ಇರುತ್ತೆ. ನೀನು ಯಾವ ಕೊಂಡಿನೋ?" ಎಂದು ಕೇಳಿದ್ದರಂತೆ. ಅವನೇ ಬಂದು ನನಗೆ ಹೇಳಿ ನಕ್ಕಿದ್ದ.

ನಮ್ಮದು ಕಣ್ಣು ಕಾಣದವರ ಗ್ರಂಥಾಲಯ. ಪುಸ್ತಕಗಳನ್ನು ಯಾರಾದರೂ ಗಟ್ಟಿಯಾಗಿ ಓದುತ್ತಾರೆ, ನಾವು ಅದನ್ನು ಧ್ವನಿಮುದ್ರಿಸಿಕೊಂಡು ಕೇಳುಗರಿಗೆ ಕಳಿಸುತ್ತೇವೆ. ನಾನು ಧ್ವನಿಮುದ್ರಣ ಕೋಣೆಯಲ್ಲಿ ಗಾಜಿನ ಈಚೆ ಕೂರುವವನು. ಓದುವವರು ಗಾಜಿನ ಆಚೆ. ಕಂಪ್ಯೂಟರ್ ನೋಡಿಕೊಳ್ಳುವ ಕೊಂಡಿಯ ಜಾಗ ನನ್ನ ಕೋಣೆಯ ಎದುರಿಗೆ, ಮೆಟ್ಟಿಲ ಕೆಳಗಿನ ಇಕ್ಕಟ್ಟಿನಲ್ಲಿ. ಎದ್ದು ನಿಂತರೆ ಮೆಟ್ಟಿಲು ತಲೆಗೆ ಬಡಿಯುತ್ತಿತ್ತು, ಅದಕ್ಕೇ ಅವನು ಕುರ್ಚಿಯಿಂದ ಬಗ್ಗಿಕೊಂಡೇ ಏಳುವುದನ್ನು ರೂಢಿ ಮಾಡಿಕೊಂಡಿದ್ದ. ಬೇರೆ ಕಡೆಯೂ ಹಾಗೇ ಏಳುತ್ತಿದ್ದ. ನೋಡಿದವರಿಗೆ ಇವನೆಂಥ ವಿನಯವಂತ ಅನ್ನಿಸುತ್ತಿತ್ತು.

ವಿನಯವಂತನೇನೋ ಹೌದು. ಜೊತೆಗೆ ಅಚ್ಚುಕಟ್ಟಿನ ಹುಚ್ಚು. ಅವನ ಅಪ್ಪ ಸರಕಿನ ಉಗ್ರಾಣವೊಂದರ ಮೇಲ್ವಿಚಾರಕರಾಗಿದ್ದರು. ಇವನು ಆರು ವರ್ಷದವನಿದ್ದಾಗ ತಾಯಿ ತೀರಿಹೋದರು. ಸಾಕಿದವರು ಅಕ್ಕ, ಅವನಿಗಿಂತ ಒಂಬತ್ತು ವರ್ಷ ದೊಡ್ಡವರು. ಚಿಕ್ಕಂದಿನಲ್ಲಿ ಅಡುಗೆಮನೆಯ ಡಬ್ಬಿಗಳಿಗೆಲ್ಲ ಚೀಟಿ ಬರೆದು ಅಂಟಿಸಿ, ಕೊನೆಗೆ ಅಕ್ಕನ ಬೆನ್ನಿಗೂ 'ಅಕ್ಕ' ಅಂತ ಒಂದು ಚೀಟಿ ಅಂಟಿಸಿದ್ದನಂತೆ. ಅವರು ಅದನ್ನು ಗಮನಿಸದೆ ಹಾಗೇ ಅಂಗಡಿಗೆ ಹೋಗಿ ಬಂದಿದ್ದರು. ಈ ಕಥೆಯನ್ನು ಅಕ್ಕ ಧ್ವನಿಮುದ್ರಣದ ಬಿಡುವಿನಲ್ಲಿ ನನಗೆ ಎಷ್ಟು ಸಲ ಹೇಳಿದ್ದಾರೋ ಲೆಕ್ಕವಿಲ್ಲ.

ಅಕ್ಕ ಇಪ್ಪತ್ತೆರಡು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಊರವರ ಕರೆಗಳನ್ನು ಜೋಡಿಸಿದವರು. ಅಲ್ಲಿಗೆ ಯಂತ್ರ ಬಂದು ಅವರ ಕುರ್ಚಿ ಹೋದಾಗ ವಯಸ್ಸು ನಲವತ್ತಾರು. ಮದುವೆಯಾದ ಮೂರೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡಿದ್ದರು, ಮಕ್ಕಳಿರಲಿಲ್ಲ. ತಮ್ಮನ ಮನೆಯ ಮಹಡಿಯ ಎರಡು ಕೋಣೆಗಳಲ್ಲಿ ಇದ್ದರು. ಕೆಲಸ ಬಿಟ್ಟ ಮೇಲೆ ಮೂರು ತಿಂಗಳು ಕಿಟಕಿ ಹತ್ತಿರ ಕೂತೇ ಕಳೆದರಂತೆ. ಒಂದು ಮಂಗಳವಾರ ಕೊಂಡಿ ಅವರನ್ನು ಕರೆದುಕೊಂಡು ಬಂದ. "ನಮ್ಮಕ್ಕ. ಒಂದು ಸಲ ಓದಿಸಿ ನೋಡು. ಆಗಲ್ಲ ಅಂದ್ರೆ ಮುಲಾಜಿಲ್ಲದೆ ಹೇಳಿಬಿಡು," ಅಂದ.

ನನ್ನ ಮೇಜಿನ ಮೇಲೆ ಕೆಮ್ಮಿನ ಔಷಧಿಯ ಸೀಸೆಯ ಜೊತೆ ಬಂದ ಸಣ್ಣಕ್ಷರದ ಕಾಗದವೊಂದಿತ್ತು. ಅದನ್ನೇ ಕೊಟ್ಟೆ. ದಿನಕ್ಕೆ ಎಷ್ಟು ಚಮಚ, ಯಾರು ಕುಡಿಯಬಾರದು, ಕುಡಿದು ವಾಹನ ಓಡಿಸಬಾರದು ಎಂಬುದನ್ನೆಲ್ಲ ಅವರು ಓದಿದರು. ದನಿ ಸಿಹಿಯಾಗಿತ್ತು ಅಂತ ಹೇಳಿದರೆ ಸುಳ್ಳಾಗುತ್ತದೆ. ಸ್ವಲ್ಪ ಗೊಗ್ಗರು ದನಿಯೇ. ಆದರೆ ನನ್ನ ಪಕ್ಕದಲ್ಲಿ ಕೂತು, ನನ್ನ ಕೆಮ್ಮಿನ ಬಗ್ಗೆ ನಿಜವಾಗಿಯೂ ಚಿಂತೆ ಮಾಡಿ, ನನಗೊಬ್ಬನಿಗೇ ಹೇಳುತ್ತಿದ್ದಾರೆ ಅನ್ನಿಸಿತು. ಕಾಗದ ಮುಗಿದಾಗ ಇನ್ನೂ ಒಂದಿಷ್ಟು ಇರಬಾರದಿತ್ತೇ ಅಂದುಕೊಂಡೆ.

ಅಲ್ಲಿಂದ ಹನ್ನೆರಡು ವರ್ಷ, ಪ್ರತಿ ಮಂಗಳವಾರ ಮತ್ತು ಶುಕ್ರವಾರ, ಹತ್ತೂವರೆಯಿಂದ ಒಂದು ಗಂಟೆಯವರೆಗೆ ಅಕ್ಕ ಗಾಜಿನ ಆಚೆ ಕೂತರು. ನೂರ ನಲವತ್ತಕ್ಕೂ ಹೆಚ್ಚು ಪುಸ್ತಕ ಓದಿದರು. ಎಲ್ಲಿ ಉಸಿರು ತೆಗೆದುಕೊಳ್ಳಬೇಕೆಂದು ಹಿಂದಿನ ದಿನವೇ ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡು ಬರುತ್ತಿದ್ದರು.

ಕೇಳುಗರು ಫೋನ್ ಮಾಡಿದರೆ ಪುಸ್ತಕದ ಹೆಸರು ಕೇಳುತ್ತಿರಲಿಲ್ಲ. "ಅವರ ದನೀಲಿ ಹೊಸದೇನು ಬಂದಿದೆ?" ಎಂದು ಕೇಳುತ್ತಿದ್ದರು. ಅಡುಗೆ ಪುಸ್ತಕವೋ ಯುದ್ಧದ ಇತಿಹಾಸವೋ, ಅವರ ದನಿಯಾದರೆ ಸಾಕು. ಹಜಾರದ ಗೋಡೆಯಲ್ಲಿ ಓದುವವರಿಗೆಲ್ಲ ಒಂದೊಂದು ಮರದ ಗೂಡು ಇತ್ತು. ಅವರಿಗೆ ಬಂದ ಪತ್ರಗಳನ್ನು ಗ್ರಂಥಪಾಲಕಿ ಅದರಲ್ಲಿ ಹಾಕಿಡುತ್ತಿದ್ದರು. ಬೇರೆಯವರ ಗೂಡಿಗೆ ಅಪರೂಪಕ್ಕೊಂದು ಬಂದರೆ ಅಕ್ಕನ ಗೂಡಿಗೆ ತಿಂಗಳಿಗೆ ಎಂಟು ಹತ್ತು ಬರುತ್ತಿದ್ದವು. ಯಾರದೋ ಮಗಳ ಕೈಲೋ ನೆರೆಯವರ ಕೈಲೋ ಬರೆಸಿದ ಪತ್ರಗಳು. ಕುರ್ಚಿ ಹೆಣೆಯುವ ಒಬ್ಬರಂತೂ ತಪ್ಪದೆ ಬರೆಸುತ್ತಿದ್ದರು. ಒಮ್ಮೆ ಅವರ ಪತ್ರದಲ್ಲಿ ಹೀಗಿತ್ತು: "ಅಮ್ಮಾ, ಹದಿಮೂರನೇ ಅಧ್ಯಾಯದಲ್ಲಿ ನೀವು ಸೀನಿದ್ದು ಕೇಳಿಸಿತು. ಅದನ್ನು ತೆಗೆಯಬೇಡಿ ಅಂತ ಅಲ್ಲಿಯವರಿಗೆ ಹೇಳಿ. ಆಮೇಲೆ ಶೀತ ಹೇಗಿದೆ?" ಸೀನನ್ನು ಕತ್ತರಿಸಲು ಮರೆತವನು ನಾನು. ಅಕ್ಕ ಪತ್ರವನ್ನು ಗಾಜಿಗೆ ಒತ್ತಿ ಹಿಡಿದು, ನಾನು ಓದುವ ತನಕ ಬಿಡಲಿಲ್ಲ.

ಹನ್ನೊಂದನೆಯ ವರ್ಷ ನಮ್ಮ ಗ್ರಂಥಾಲಯ ಇಂಥದೇ ಇತರ ಗ್ರಂಥಾಲಯಗಳ ಒಕ್ಕೂಟಕ್ಕೆ ಸೇರಿತು. ಎಲ್ಲರ ಪುಸ್ತಕಗಳೂ ಒಂದೇ ಪಟ್ಟಿಗೆ ಸೇರಬೇಕು, ಕೇಳುಗರು ತಮ್ಮ ಮನೆಯ ಯಂತ್ರಕ್ಕೆ ಬೇಕಾದ್ದನ್ನು ಹೇಳಿ ನೇರವಾಗಿ ತರಿಸಿಕೊಳ್ಳಬೇಕು ಎಂಬುದು ಯೋಜನೆ. ನಮ್ಮ ಪಟ್ಟಿಯನ್ನು ಒಕ್ಕೂಟ ಹೇಳಿದ ಆಕಾರದಲ್ಲಿ ಸಿದ್ಧ ಮಾಡುವ ಕೆಲಸ ಕೊಂಡಿಯ ತಲೆಗೆ ಬಂತು. ಪುಸ್ತಕಗಳ ವಿವರವೆಲ್ಲ ಇರುವ ಡೇಟಾಬೇಸಿಗೆ ಪ್ರಶ್ನೆ ಕೇಳಿದರೆ ಅದು ಸಾಲು ಸಾಲಾಗಿ ಉತ್ತರ ಕೊಡುತ್ತದೆ. ಒಕ್ಕೂಟಕ್ಕೆ ಸಾಲುಗಳು ಬೇಡ, ಎಕ್ಸ್‌ಎಂಎಲ್ ಬೇಕು. ಅಂದರೆ ಪ್ರತಿ ಮಾಹಿತಿಯ ಹಿಂದೆ ಮುಂದೆ ಅದರ ಹೆಸರು ಬರೆದ ಚೀಟಿಯಂಥ ಟ್ಯಾಗ್ ಇರಬೇಕು, ಯಾವುದರೊಳಗೆ ಯಾವುದು ಎಂಬುದು ಗೊತ್ತಾಗಬೇಕು. ಕೊಂಡಿಗೆ ಇದು ಹಬ್ಬ. ಅವನು ಮನೆಯಲ್ಲಿ ಅಕ್ಕನಿಗೆ ವಿವರಿಸಿದ್ದನ್ನು ಮರುದಿನ ಅಕ್ಕನೇ ನನ್ನೆದುರು ಅಭಿನಯಿಸಿ ತೋರಿಸಿದರು.

"ಡಬ್ಬಿಯೊಳಗೆ ಡಬ್ಬಿ ಇಡೋ ಕೆಲಸ ಅಕ್ಕಾ. ದೊಡ್ಡ ಡಬ್ಬಿ ಮೇಲೆ 'ಪಟ್ಟಿ' ಅಂತ ಇರುತ್ತೆ. ಅದರೊಳಗೆ 'ಪುಸ್ತಕ' ಅನ್ನೋ ಡಬ್ಬಿಗಳು. ಒಂದೊಂದು ಪುಸ್ತಕದೊಳಗೆ 'ಶೀರ್ಷಿಕೆ', 'ಬರೆದವರು', 'ಅವಧಿ'..."

"ನಾನೆಲ್ಲಿರ್ತೀನಿ?"

"ನೀನು 'ಓದಿದವರು' ಅನ್ನೋ ಡಬ್ಬೀಲಿ."

"ಉಸಿರಾಡೋಕೆ ಒಂದು ತೂತಾದ್ರೂ ಬಿಟ್ಟಿರು ಕಣೋ."

ನಾವಿಬ್ಬರೂ ನಕ್ಕೆವು. ಕೊಂಡಿ ಮೆಟ್ಟಿಲ ಕೆಳಗಿನಿಂದಲೇ, "ಸಾಕು, ಅಣಕಿಸಬೇಡ," ಎಂದು ಕೂಗಿದ.

ಆ ಶನಿವಾರ ಐದು ಗಂಟೆಯೊಳಗೆ ಪಟ್ಟಿ ಒಕ್ಕೂಟಕ್ಕೆ ಮುಟ್ಟಬೇಕಿತ್ತು. ಬೆಳಿಗ್ಗೆಯಿಂದ ಕೊಂಡಿ ಮೂರು ಸಲ ಕಳಿಸಿದ, ಮೂರು ಸಲವೂ ತಿರಸ್ಕಾರವಾಗಿ ವಾಪಸ್ಸು ಬಂತು. ತೊಂದರೆ ಇಷ್ಟೇ. ಕೆಲವು ಪುಸ್ತಕಗಳನ್ನು ಇಬ್ಬರು ಮೂವರು ಹಂಚಿಕೊಂಡು ಓದಿದ್ದರು. ಓದಿದವರ ಹೆಸರನ್ನು ಜೋಡಿಸಿದ ತಕ್ಷಣ ಅಂಥ ಪುಸ್ತಕ ಪಟ್ಟಿಯಲ್ಲಿ ಎರಡು ಮೂರು ಸಲ ಬರುತ್ತಿತ್ತು, ಒಂದೇ ಪುಸ್ತಕ ಯಾಕೆ ಮತ್ತೆ ಬಂತು ಎಂದು ಒಕ್ಕೂಟದ ಯಂತ್ರ ತಕರಾರು ಮಾಡುತ್ತಿತ್ತು. ಸರಿಯಾದ ದಾರಿ ಕೊಂಡಿಗೆ ಗೊತ್ತಿತ್ತು. ಪ್ರತಿ ಪುಸ್ತಕದೊಳಗೆ ಇನ್ನೊಂದು ಸಣ್ಣ ಪ್ರಶ್ನೆ ಬರೆದು, ಅದನ್ನು ಓದಿದವರನ್ನೆಲ್ಲ ಒಂದೇ ಗುಂಪಾಗಿ ಅಲ್ಲೇ ಕೂರಿಸಬೇಕು. ಅದಕ್ಕೆ ಅರ್ಧ ದಿನವಾದರೂ ಬೇಕು ಎಂದುಕೊಂಡ. ಆಗ ಗಂಟೆ ಮೂರೂವರೆ. ಒಕ್ಕೂಟದ ಸೂಚನೆಯ ಕಾಗದ ನೋಡಿದ. 'ಓದಿದವರು' ಎಂಬುದರ ಎದುರು 'ಇದ್ದರೆ ಕೊಡಬಹುದು' ಎಂದಿತ್ತು. ಕಡ್ಡಾಯವಲ್ಲ.

ತಾನು ಬರೆದ ಪ್ರಶ್ನೆಯಲ್ಲಿ ಓದಿದವರ ಹೆಸರನ್ನು ತರುವ ಎರಡು ಸಾಲುಗಳ ಮುಂದೆ ಅವನು ಎರಡೆರಡು ಅಡ್ಡಗೆರೆ ಹಾಕಿದ. ಹಾಗೆ ಹಾಕಿದರೆ ಸಾಲು ಅಲ್ಲೇ ಇರುತ್ತದೆ, ಯಂತ್ರ ಅದನ್ನು ಓದದೆ ಮುಂದೆ ಹೋಗುತ್ತದೆ. ನಾಲ್ಕು ಗಂಟೆಗೆ ಪಟ್ಟಿ ಸ್ವೀಕಾರವಾಯಿತು.

"ಎಲ್ಲ ಹೋಯ್ತೇನಪ್ಪಾ?" ಎಂದು ಗ್ರಂಥಪಾಲಕಿ ಕೇಳಿದರು.

"ಹೋಯ್ತು ಮೇಡಂ," ಎಂದ. ಆಮೇಲೆ ಸರಿ ಮಾಡಿದರಾಯಿತು ಎಂದು ಅಂದುಕೊಂಡಿದ್ದು ನಿಜ. ಇದನ್ನು ಅವನು ಆಣೆ ಹಾಕಿ ಹೇಳಿದ್ದಾನೆ, ನಾನು ನಂಬುತ್ತೇನೆ.

ಆದರೆ ಹೊಸ ಏರ್ಪಾಡು ಬಹಳ ಚೆನ್ನಾಗಿ ನಡೆಯಿತು. ಒಂದೇ ವರ್ಷದಲ್ಲಿ ನಮ್ಮ ಪುಸ್ತಕಗಳನ್ನು ಕೇಳುವವರು ಇಮ್ಮಡಿಯಾದರು. ಒಕ್ಕೂಟದ ಸಭೆಯಲ್ಲಿ ಕೊಂಡಿಯನ್ನು ನಿಲ್ಲಿಸಿ ಚಪ್ಪಾಳೆ ತಟ್ಟಿದರು. ಅವನು ಎಂದಿನಂತೆ ಬಗ್ಗಿಕೊಂಡು ಎದ್ದ. ಮಧ್ಯದಲ್ಲೊಮ್ಮೆ ಒಕ್ಕೂಟದಿಂದ ಅವನಿಗೊಂದು ಮೇಲ್ ಬಂದಿತ್ತು: ನಿಮ್ಮ ಕೆಲವು ಕೇಳುಗರು ಓದಿದವರ ಹೆಸರಿನಿಂದ ಹುಡುಕಲು ನೋಡುತ್ತಿದ್ದಾರೆ, ಆ ಮಾಹಿತಿ ಕಳಿಸಲು ಸಾಧ್ಯವೇ? ಕೊಂಡಿ ಅದಕ್ಕೊಂದು ನಕ್ಷತ್ರದ ಗುರುತು ಹಾಕಿ ಇಟ್ಟ. ಅದರ ಮೇಲೆ ಬೇರೆ ಮೇಲ್‌ಗಳು ಬಂದು ಕೂತವು.

ಅಕ್ಕನ ಗೂಡಿಗೆ ಬರುವ ಪತ್ರಗಳು ಕಮ್ಮಿಯಾದವು. ಮೊದಲು ಐದು, ಆಮೇಲೆ ಎರಡು, ಕೊನೆಗೆ ಏನೂ ಇಲ್ಲ. ಇದನ್ನು ನಾನು ನೋಡಿದೆ. ಇಲ್ಲಿ ನನ್ನ ಪಾಲಿನದನ್ನೂ ಹೇಳಬೇಕು. ಮಂಗಳವಾರ ಬೆಳಿಗ್ಗೆ ಅಕ್ಕ ಒಳಗೆ ಬಂದವರು ಮೊದಲು ಗೂಡಿನೊಳಗೆ ಕೈ ಹಾಕಿ ತಡವುತ್ತಿದ್ದರು. ಗೂಡು ಖಾಲಿ ಇದೆ ಎಂದು ಬಾಗಿಲಿಂದಲೇ ಕಾಣುತ್ತಿತ್ತು, ಆದರೂ ಕೈ ಹಾಕುತ್ತಿದ್ದರು. ನಾನು ತಂತಿ ಸರಿಮಾಡುವವನಂತೆ ತಲೆ ತಗ್ಗಿಸುತ್ತಿದ್ದೆ. ಈಗಿನ ಕಾಲದಲ್ಲಿ ಪತ್ರ ಬರೆಸುವವರು ಯಾರಿದ್ದಾರೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಆಗ ಅಕ್ಕ ಒಬ್ಬ ಹಡಗಿನ ಅಡುಗೆಯವನ ಆತ್ಮಕಥೆ ಓದುತ್ತಿದ್ದರು. ಹತ್ತೊಂಬತ್ತನೇ ಅಧ್ಯಾಯ ಮುಗಿದ ದಿನ ಕಿವಿಯಿಂದ ಹೆಡ್‌ಫೋನ್ ತೆಗೆದು, "ಹೇಗಿತ್ತು?" ಎಂದು ಕೇಳಿದರು. ಹನ್ನೊಂದು ಹನ್ನೆರಡು ವರ್ಷದಲ್ಲಿ ಹಾಗೆ ಕೇಳಿದವರಲ್ಲ.

"ಚೆನ್ನಾಗಿತ್ತು ಅಕ್ಕಾ."

"ನಿಜ ಹೇಳಿ. ದನಿ ಒಡೀತಿದೆಯಾ?"

"ಇಲ್ಲ ಇಲ್ಲ, ಎಂದಿನ ಹಾಗೇ ಇದೆ."

ಅವರು ನನ್ನನ್ನೇ ಸ್ವಲ್ಪ ಹೊತ್ತು ನೋಡಿದರು. ನಾನು ಸಂಕೋಚಕ್ಕೆ ಹಾಗೆ ಹೇಳುತ್ತಿದ್ದೇನೆ ಅಂದುಕೊಂಡರು ಅಂತ ಈಗ ಅನ್ನಿಸುತ್ತದೆ. ಮುಂದಿನ ಶುಕ್ರವಾರ ಬರಲಿಲ್ಲ. ಅದರ ಮುಂದಿನ ಮಂಗಳವಾರವೂ ಬರಲಿಲ್ಲ. ಕೊಂಡಿಯನ್ನು ಕೇಳಿದೆ.

"ಸಾಕಾಯ್ತಂತೆ. ಹೊಸಬರಿಗೆ ಬಿಟ್ಟುಕೊಡ್ತೀನಿ ಅಂದ್ಲು. ವಯಸ್ಸೂ ಆಯ್ತಲ್ಲ, ನಾನು ಬಲವಂತ ಮಾಡಲಿಲ್ಲ," ಎಂದ ಕೊಂಡಿ.

"ಒಂದು ಮಾತು ಯಾಕೆ ಅಂತ ಕೇಳಬೇಕಿತ್ತು."

"ಕೇಳಿದ್ರೆ ಅವಳು ಹೇಳ್ತಾಳಾ? ನಿನಗೇ ಗೊತ್ತಲ್ಲ ಅವಳ ಸ್ವಭಾವ."

ಉಳಿದ ಏಳು ಅಧ್ಯಾಯಗಳನ್ನು ನಿವೃತ್ತ ಶಿಕ್ಷಕರೊಬ್ಬರ ಕೈಲಿ ಓದಿಸಿದೆ. ಆ ಅಡುಗೆಯವನು ಹತ್ತೊಂಬತ್ತನೇ ಅಧ್ಯಾಯದವರೆಗೆ ಹೆಂಗಸಿನ ದನಿಯಲ್ಲಿ ಬದುಕಿ, ಆಮೇಲೆ ಇದ್ದಕ್ಕಿದ್ದಂತೆ ಮೇಷ್ಟರಾಗುತ್ತಾನೆ. ಧ್ವನಿಮುದ್ರಿಕೆ ಈಗಲೂ ಹಾಗೇ ಇದೆ.

ಅಕ್ಕ ಮನೆಯಲ್ಲಿ ಕೂತು ಹತ್ತು ತಿಂಗಳಾಗಿತ್ತು. ಕತ್ತಿನಲ್ಲಿ ಒಂದು ಗಂಟು ಕಾಣಿಸಿಕೊಂಡಿತು. ತೆಗೆಯಲೇಬೇಕು ಎಂದರು ವೈದ್ಯರು. ಗಂಟು ಕೆಟ್ಟದ್ದಲ್ಲ ಎಂದು ಗೊತ್ತಾದಾಗ ಮನೆಯವರೆಲ್ಲ ನಿಟ್ಟುಸಿರು ಬಿಟ್ಟರು. ಆದರೆ ದನಿಯ ನರ ಅದಕ್ಕೆ ಅಂಟಿಕೊಂಡಿತ್ತು, ಅದನ್ನು ಉಳಿಸಲಾಗಲಿಲ್ಲ. ಅಕ್ಕನಿಗೆ ಉಳಿದದ್ದು ಪಿಸುದನಿ ಮಾತ್ರ. ಒಣಗಿದ ಎಲೆ ನೆಲದ ಮೇಲೆ ಜಾರಿದಷ್ಟು ಸದ್ದು. ಕೊಂಡಿಯ ಹೆಂಡತಿ ಅತ್ತಿಗೆಯ ಕೈಗೆ ಒಂದು ಪುಟ್ಟ ಗಂಟೆ ಕೊಟ್ಟಳು, ಏನಾದರೂ ಬೇಕಾದರೆ ಮಹಡಿಯಿಂದ ಬಾರಿಸಲಿ ಎಂದು. ಅಕ್ಕ ಅದನ್ನು ಒಂದು ಸಲವೂ ಬಾರಿಸಲಿಲ್ಲ. ಬೇಕಾದ್ದಕ್ಕೆಲ್ಲ ಮೆಟ್ಟಿಲು ಇಳಿದೇ ಬರುತ್ತಿದ್ದರು.

ಅದಾಗಿ ಐದು ತಿಂಗಳಿಗೆ, ಗ್ರಂಥಪಾಲಕಿ ರಜೆಯಲ್ಲಿದ್ದ ಒಂದು ಮಧ್ಯಾಹ್ನ, ಹಜಾರದ ಫೋನ್ ಹೊಡೆದುಕೊಳ್ಳುತ್ತಲೇ ಇತ್ತು. ಕೊಂಡಿ ಬಗ್ಗಿಕೊಂಡು ಎದ್ದು ಹೋಗಿ ಎತ್ತಿದ. ನಾನು ಬಾಗಿಲಲ್ಲೇ ನಿಂತಿದ್ದೆ. ಆಚೆಯವರ ದನಿ ಎಷ್ಟು ಗಟ್ಟಿಯಾಗಿತ್ತೆಂದರೆ ನನಗೂ ಕೇಳಿಸಿತು. ಕುರ್ಚಿ ಹೆಣೆಯುವವರು.

"ಸಾರ್, ಒಂದು ವಿಷಯ ಕೇಳಬೇಕಿತ್ತು. ಬೇಜಾರು ಮಾಡ್ಕೋಬೇಡಿ. ಅವರು ಯಾವಾಗ ತೀರಿಕೊಂಡ್ರು?"

"ಯಾರು?"

ಅವರು ಅಕ್ಕನ ಹೆಸರು ಹೇಳಿದರು.

"ಮುಂಚೆ ಫೋನ್ ಮಾಡಿದ್ರೆ ಅವರ ಪುಸ್ತಕ ಕಳಿಸ್ತಿದ್ರಿ. ಈ ಹೊಸ ಯಂತ್ರ ಬಂದ ಮೇಲೆ ಅವರ ಹೆಸರು ಹೇಳಿದ್ರೆ, ಈ ಹೆಸರಿನಲ್ಲಿ ಏನೂ ಸಿಗಲಿಲ್ಲ ಅನ್ನುತ್ತೆ. ಒಂದು ವರ್ಷ ಕಾದೆ. ನಮ್ಮ ಸಂಘದಲ್ಲಿ ಬೇರೆಯವರಿಗೂ ಹಾಗೇ ಆಯ್ತಂತೆ. ಹೋಗಿಬಿಟ್ಟಿರಬೇಕು, ಅದಕ್ಕೇ ಹೆಸರು ತೆಗೆದಿದ್ದಾರೆ ಅಂದ್ಕೊಂಡ್ವಿ. ಏಳು ಜನ ಸೇರಿ ಎರಡು ನಿಮಿಷ ಮೌನವಾಗಿ ಕೂತ್ವಿ ಸಾರ್. ಆಮೇಲೆ ಹಳೇ ಪುಸ್ತಕ ಒಂದು ಸಿಕ್ತು, ಅದನ್ನೇ ಸುತ್ತಿ ಸುತ್ತಿ ಕೇಳ್ತೀವಿ. ಮನೆಯವರ ವಿಳಾಸ ಕೊಟ್ರೆ ಒಂದು ಕಾಗದ ಬರೆಸೋಣ ಅಂತ."

"ಅವರು ನಮ್ಮಕ್ಕ," ಎಂದ ಕೊಂಡಿ. "ಬದುಕಿದ್ದಾಳೆ."

ಆಚೆಯವರು ನಕ್ಕರು, ನಗುತ್ತಲೇ ರೇಗಿದರು. "ಬದುಕಿದ್ದಾರಾ! ಮತ್ತೆ ಎಲ್ಲಿಟ್ಟಿದ್ದೀರಿ ಸಾರ್ ಅವರನ್ನ? ಹೊಸದು ಓದಕ್ಕೆ ಹೇಳಿ. ಎರಡು ವರ್ಷದ್ದು ಬಾಕಿ ಇದೆ ಅಂತ ಹೇಳಿ!"

ಕೊಂಡಿ ಏನೋ ಹೇಳಿ ಫೋನ್ ಇಟ್ಟ. ಮೆಟ್ಟಿಲ ಕೆಳಗೆ ಹೋಗಿ ಕೂತ. ಹಳೆಯ ಕಡತ ತೆರೆದ. ಆ ಎರಡು ಸಾಲುಗಳು ಅಲ್ಲೇ ಇದ್ದವು, ಮುಂದೆ ಎರಡೆರಡು ಅಡ್ಡಗೆರೆ ಹೊತ್ತುಕೊಂಡು. ನನಗೆ ಬೆರಳಿಟ್ಟು ತೋರಿಸಿದ. ಪುಸ್ತಕದೊಳಗೆ ಬರೆಯಬೇಕಿದ್ದ ಆ ಸಣ್ಣ ಪ್ರಶ್ನೆಯನ್ನು ಬರೆದ. ಮೂವರು ಓದಿದ ಪುಸ್ತಕ ತೆಗೆದು ನೋಡಿದ, ಒಂದೇ ಪುಸ್ತಕದಡಿ ಮೂರು ಹೆಸರೂ ಸಾಲಾಗಿ ಕೂತಿದ್ದವು. ಓದಿದವರು ಗೊತ್ತಿಲ್ಲದ ಕಡೆ ಖಾಲಿ ಟ್ಯಾಗ್ ಬರುವಂತೆ ಮಾಡಿದ. ಕಳಿಸಿದ. ಒಕ್ಕೂಟದ ಯಂತ್ರ ಮರುಮಾತಿಲ್ಲದೆ ಸ್ವೀಕರಿಸಿತು.

ಗೋಡೆಯ ಗಡಿಯಾರ ನೋಡಿ, "ಒಂದು ಗಂಟೆ ಹತ್ತು ನಿಮಿಷ ಹಿಡೀತು," ಎಂದ. "ಅರ್ಧ ದಿನ ಬೇಕು ಅಂದ್ಕೊಂಡಿದ್ದೆ."

ಹದಿನೈದು ದಿನದಲ್ಲಿ ಹದಿನೇಳು ಪತ್ರ ಬಂದವು. ಗೂಡಿನಲ್ಲಿ ಹಿಡಿಸದೆ ಗ್ರಂಥಪಾಲಕಿ ದಾರ ಕಟ್ಟಿ ಇಟ್ಟರು. ಕೊಂಡಿ ಅದನ್ನು ಮೂರು ದಿನ ಮನೆಗೆ ಒಯ್ಯಲಿಲ್ಲ. ನಾಲ್ಕನೆಯ ದಿನ ಸಂಜೆ ನನ್ನನ್ನೂ ಜೊತೆಗೆ ಕರೆದ. "ನೀನಿದ್ರೆ ನಾನು ಸುಳ್ಳು ಹೇಳಲ್ಲ, ಬಾ," ಎಂದ.

ಅಕ್ಕ ಮಹಡಿಯ ಕೋಣೆಯಲ್ಲಿ ಬಟ್ಟೆ ಮಡಚುತ್ತಿದ್ದರು. ಕಂತೆಯನ್ನು ಮಡಿಲಲ್ಲಿಟ್ಟುಕೊಂಡು ಒಂದೊಂದೇ ಓದಿದರು. ನಾವಿಬ್ಬರೂ ಮಂಚದ ತುದಿಯಲ್ಲಿ ಕೂತಿದ್ದೆವು. ಮೂರನೆಯದನ್ನು ಓದುವಾಗ ಅವರ ತುಟಿ ಆಡುತ್ತಿತ್ತು, ದನಿಯಿಲ್ಲದೆಯೇ ಅದನ್ನೂ ಗಟ್ಟಿಯಾಗಿ ಓದುತ್ತಿದ್ದರೋ ಏನೋ. ಎಲ್ಲ ಮುಗಿದ ಮೇಲೆ ತಲೆ ಎತ್ತಿದರು.

"ಇದೆಲ್ಲ ಈಗ ಯಾಕೆ ಬಂತು?"

ಕೊಂಡಿ ಹೇಳಿದ. ಶನಿವಾರ, ಮೂರೂವರೆ ಗಂಟೆ, ಅಡ್ಡಗೆರೆ, ನಕ್ಷತ್ರದ ಗುರುತು ಹಾಕಿಟ್ಟ ಮೇಲ್. ಒಂದನ್ನೂ ಬಿಡಲಿಲ್ಲ. ಹೇಳುವಾಗ ನೆಲದ ಕಡೆಯೇ ನೋಡುತ್ತಿದ್ದ.

"ಸರಿ ಮಾಡೋಕೆ ಎಷ್ಟು ಹೊತ್ತು ಹಿಡೀತು?" ಪಿಸುದನಿ ಕೇಳಿಸಿಕೊಳ್ಳಲು ನಾವು ಮುಂದಕ್ಕೆ ಬಾಗಬೇಕಾಗಿತ್ತು.

ಅವನು ನನ್ನ ಕಡೆ ನೋಡಿದ. "ಒಂದು ಗಂಟೆ ಚಿಲ್ಲರೆ."

ಅಕ್ಕ ಪತ್ರಗಳ ಅಂಚುಗಳನ್ನು ಒಂದೇ ಸಮ ಮಾಡಿ ಮಂಚದ ಮೇಲಿಟ್ಟರು. "ಒಂದು ವರ್ಷಪೂರ್ತಿ ನಾನು ನನ್ನ ದನೀನೇ ಬೈಕೊಂಡೆ ಕಣೋ. ನನ್ನ ಹಳೇ ಮುದ್ರಿಕೆ ಹಾಕ್ಕೊಂಡು, ಹೊಸದು ಹಾಕ್ಕೊಂಡು, ಎಲ್ಲಿ ಕೆಟ್ಟಿತು ಎಲ್ಲಿ ಕೆಟ್ಟಿತು ಅಂತ ಹುಡುಕ್ತಿದ್ದೆ. ಬಿಸಿನೀರು ಕುಡಿದೆ. ಕನ್ನಡಿ ಮುಂದೆ ಬಾಯಿ ತೆಗೆದು ನೋಡ್ಕೊಂಡೆ. ಹುಡುಕಿದ್ರೆ ತಪ್ಪು ಸಿಗದೇ ಇರುತ್ತಾ? ಸಿಕ್ತು. ಇನ್ನು ಬೇಡ, ಜನಕ್ಕೆ ಯಾಕೆ ತೊಂದರೆ ಅಂತ ಬಿಟ್ಟೆ."

"ನನಗೊಂದು ಮಾತು ಹೇಳಬಹುದಿತ್ತಲ್ಲಾ ಅಕ್ಕಾ."

"ಏನಂತ ಹೇಳಲಿ? ನನಗೆ ಪತ್ರ ಬರ್ತಿಲ್ಲ ಅಂತ ಅಳಲಾ?" ಅಷ್ಟು ಉದ್ದ ಮಾತಾಡಿ ಅವರಿಗೆ ದಣಿವಾಗಿತ್ತು. ಸುಧಾರಿಸಿಕೊಂಡು ಹೇಳಿದರು: "ನೀನೂ ಕೇಳಬಹುದಿತ್ತು."

ಅವನು ಅವರ ಕಾಲ ಹತ್ತಿರ ನೆಲದಲ್ಲಿ ಕೂತ. ಅಕ್ಕ ಅವನ ತಲೆ ಸವರಿದರು ಎಂದು ಬರೆಯಬೇಕೆನ್ನಿಸುತ್ತದೆ. ಆದರೆ ಸವರಲಿಲ್ಲ. ಮಡಚುತ್ತಿದ್ದ ಬಟ್ಟೆಯನ್ನು ಮತ್ತೆ ಎತ್ತಿಕೊಂಡರು, ಒಂದು ದುಪ್ಪಟಿಯ ತುದಿಯನ್ನು ಅವನ ಕೈಗೆ ಕೊಟ್ಟರು. ಇಬ್ಬರೂ ಸೇರಿ ಅದನ್ನು ಮಡಚಿದರು. ನಾನು ಮೆಲ್ಲಗೆ ಎದ್ದು ಬಂದೆ.

ಹದಿನೇಳೂ ಜನರಿಗೆ ಅಕ್ಕ ತಮ್ಮ ಕೈಬರಹದಲ್ಲಿ ಉತ್ತರ ಬರೆದರು. ದನಿ ಹೋಗಿದೆ, ಇನ್ನು ಓದಲಾರೆ, ಹಳೆಯವು ನೂರ ನಲವತ್ತಿವೆ, ಅವನ್ನು ಕೇಳಿ, ಎಂದು. ಅದನ್ನು ಅವರಿಗೆ ಬೇರೆ ಯಾರೋ ಓದಿ ಹೇಳಬೇಕಾಯಿತು. ಸಂಘದವರು ಬಂದು ನೋಡುತ್ತೇವೆ ಎಂದರೆ ಒಪ್ಪಲಿಲ್ಲ. "ಅವರ ಪಾಲಿಗೆ ನಾನಂದ್ರೆ ದನಿ. ಅದೇ ಇಲ್ಲದೆ ಅವರೆದುರು ಏನು ಅಂತ ಕೂತ್ಕೊಳ್ಳಲಿ?" ಎಂದರು.

ಒಂದು ವರ್ಷದ ಮೇಲೆ ನಾನೇ ಹೋಗಿ ಕಾಡಿ ಬೇಡಿ ಅವರನ್ನು ಮತ್ತೆ ಗ್ರಂಥಾಲಯಕ್ಕೆ ಕರೆತಂದೆ, ಓದುವವರ ಜೊತೆ ಕೂತು ತಪ್ಪು ನೋಡುವ ಕೆಲಸಕ್ಕೆ. ಯಾರಾದರೂ ಸಾಲು ತಪ್ಪಿದರೆ ಪೆನ್ಸಿಲಿನಿಂದ ಮೇಜು ತಟ್ಟುತ್ತಾರೆ. ಬಹಳ ಕಟ್ಟುನಿಟ್ಟು. ಹೊಸಬರು ಅವರಿಗೆ ಹೆದರುತ್ತಾರೆ.

ಕೊಂಡಿ ಅದಾದ ಮೇಲೆ ಆರು ವರ್ಷ ಕೆಲಸ ಮಾಡಿದ. ಪ್ರತಿ ತಿಂಗಳು ಪಟ್ಟಿ ಕಳಿಸುವ ಮುಂಚೆ ಹತ್ತು ಜನ ಕೇಳುಗರಿಗೆ ಫೋನ್ ಮಾಡಿ, "ನಿಮಗೆ ಹುಡುಕಿದ್ದು ಸಿಗ್ತಾ ಇದೆಯಾ?" ಎಂದು ಕೇಳುತ್ತಿದ್ದ. ಸಭೆಗಳಲ್ಲಿ ಹೊಗಳಿದರೆ ಎದ್ದು ನಿಲ್ಲುತ್ತಿರಲಿಲ್ಲ. ಮನೆಯಲ್ಲಿ ಅಕ್ಕ ತಮ್ಮ ಮೊದಲಿನಂತೆಯೇ ಜೊತೆಗೆ ಊಟ ಮಾಡುತ್ತಿದ್ದರು. ಆದರೆ ಅಕ್ಕ ಅವನನ್ನು ಅಣಕಿಸುವುದನ್ನು ಬಿಟ್ಟುಬಿಟ್ಟಿದ್ದರು. "ಬೈದಿದ್ರೆ ವಾಸಿ ಇತ್ತು," ಎಂದು ಒಮ್ಮೆ ಹೇಳಿದ. ಅವನ ಹೆಂಡತಿ ಅದಕ್ಕೆ, "ಅತ್ತಿಗೆಗೆ ಅಣಕಿಸೋಕೂ ದನಿ ಬೇಕಲ್ಲ," ಎಂದಳಂತೆ. ಅವಳು ಸಮಾಧಾನಕ್ಕೆ ಹೇಳಿದ್ದು. ಅವನು ಆ ದಿನ ಊಟ ಮಾಡಲಿಲ್ಲ.

ಅವನ ನಿವೃತ್ತಿಗೆ ಒಂದೆರಡು ತಿಂಗಳಿತ್ತು. ಒಂದು ಶುಕ್ರವಾರ ಕುರ್ಚಿ ಹೆಣೆಯುವವರು ಸೊಸೆಯ ತೋಳು ಹಿಡಿದುಕೊಂಡು ಗ್ರಂಥಾಲಯ ನೋಡಲು ಬಂದರು. ಮೊದಲ ಸಲ. ಧ್ವನಿಮುದ್ರಣ ಕೋಣೆ ತೋರಿಸಿ ಎಂದರು. ಒಳಗೆ ಅಕ್ಕ ಒಬ್ಬರೇ ಇದ್ದರು, ಮುಂದಿನ ಪುಸ್ತಕಕ್ಕೆ ಗುರುತು ಹಾಕುತ್ತಿದ್ದರು. ಬಂದವರ ಹೆಸರು ಕೇಳಿದ ಕೂಡಲೇ ಅಕ್ಕ ನಮ್ಮ ಕಡೆ ತಿರುಗಿ, ತಾನು ಯಾರೆಂದು ಹೇಳುವುದು ಬೇಡ ಎಂಬಂತೆ ತಲೆ ಆಡಿಸಿದರು.

ಕುರ್ಚಿ ಹೆಣೆಯುವವರು ಮೇಜು ಸವರಿದರು, ಮೈಕಿನ ಮೇಲೆ ಬೆರಳಾಡಿಸಿದರು. ಕಾಗದ ಮಗುಚಿದ ಸದ್ದು ಕೇಳಿ, "ಇಲ್ಲಿ ಯಾರೋ ಇದ್ದಾರಾ?" ಎಂದರು.

"ಇದ್ದೀನಿ. ತಪ್ಪು ನೋಡೋಳು," ಎಂದರು ಅಕ್ಕ, ಪಿಸುದನಿಯಲ್ಲಿ.

"ಶೀತವಾ ತಾಯಿ? ಹುಷಾರು." ಅವರು ಮೈಕಿನ ಕಡೆ ಮುಖ ಮಾಡಿದರು. "ನಿಮಗೆ ಗೊತ್ತೋ ಇಲ್ಲವೋ, ಇದೇ ಜಾಗದಲ್ಲಿ ಒಬ್ಬರು ಕೂತು ಓದ್ತಿದ್ರು. ನನ್ನ ಹೆಂಡತಿ ತೀರಿಕೊಂಡ ವರ್ಷ ನಾನು ಅವರನ್ನ ಬಿಟ್ಟು ಬೇರೆ ಯಾರ ಮಾತೂ ಕೇಳಲಿಲ್ಲ."

ಅಕ್ಕ ಪೆನ್ಸಿಲು ಕೆಳಗಿಟ್ಟು ಅವರನ್ನು ತಮ್ಮ ಕುರ್ಚಿಯಲ್ಲಿ ಕೂರಿಸಿದರು. ಅವರು ಕುರ್ಚಿಯ ಹೆಣಿಗೆ ಮುಟ್ಟಿ ನೋಡಿ, ಸಡಿಲವಾಗಿದೆ, ಮನೆಗೆ ಕಳಿಸಿ, ಬಿಗಿ ಮಾಡಿಕೊಡುತ್ತೇನೆ ಎಂದರು. ಕೊಂಡಿ ನನ್ನ ಪಕ್ಕದಲ್ಲಿ ಗಾಜಿನ ಈಚೆ ನಿಂತಿದ್ದ. ಎರಡು ಸಲ ಬಾಯಿ ತೆರೆದ, ಎರಡು ಸಲವೂ ಅಕ್ಕ ಅವನ ಕಡೆ ನೋಡಿದರು. ಆಮೇಲೆ ಅವನು ಹೊರಗೆ ಹೋಗಿ ಹಜಾರದ ಕಿಟಕಿ ಹತ್ತಿರ ನಿಂತ. ಅವರು ಹೊರಟುಹೋದ ಎಷ್ಟೋ ಹೊತ್ತಿನ ಮೇಲೂ ಅಲ್ಲೇ ಇದ್ದ. ಅಕ್ಕ ಎಂದಿನಂತೆ ಒಂದು ಗಂಟೆಗೆ ಚೀಲ ತೆಗೆದುಕೊಂಡು ಬಂದು, ಅವನ ತೋಳು ಮುಟ್ಟಿ, ಮನೆಗೆ ಹೋಗೋಣ ಬಾ ಎಂದು ಸನ್ನೆ ಮಾಡಿದರು.